ಲಂಡನ್‌ನಿಂದ ರೋಮ್‌ಗೆ ಎಷ್ಟು ದೂರ, ಎಷ್ಟು ಹೊತ್ತು?

ಲಂಡನ್‌ನಿಂದ ರೋಮ್‌ಗೆ ಎಷ್ಟು ದೂರ ಎಂದು ಹುಡುಕಿದರೆ ಒಂದು ಕಡೆ 1,434 ಕಿ.ಮೀ. ಎಂದಿರುತ್ತದೆ, ಇನ್ನೊಂದು ಕಡೆ 1,443, ಮತ್ತೊಂದು ಕಡೆ 1,800ಕ್ಕೂ ಮೇಲೆ. ಹೊತ್ತಿನದೂ ಇದೇ ಪಾಡು. ದೂರ ಲೆಕ್ಕ ಹಾಕಿಕೊಡುವ ತಾಣ 1 ಗಂಟೆ 47 ನಿಮಿಷ ಎನ್ನುತ್ತದೆ, ಟಿಕೆಟ್ಟು 2 ಗಂಟೆ 35 ನಿಮಿಷ ಎನ್ನುತ್ತದೆ, ಹೊರಟ ಹೊತ್ತು ಮತ್ತು ಇಳಿದ ಹೊತ್ತನ್ನು ಕಳೆದು ನೋಡಿದರೆ ಮೂರೂವರೆ ಗಂಟೆ ಬರುತ್ತದೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಅಂಕಿಯೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ನಮಗೆ ಬೇಕಾದ ಪ್ರಶ್ನೆ ಯಾವುದು ಎಂದು ಗೊತ್ತಿಲ್ಲದೆ ಅಂಕಿ ಹಿಡಿದುಕೊಂಡಾಗಲೇ ಮುಂದಿನ ರೈಲೋ ವಿಮಾನವೋ ತಪ್ಪುವುದು.

ಮೊದಲು ದೂರದ ವಿಷಯ. 1,434 ಎನ್ನುವುದು ಊರ ನಡುವಿನಿಂದ ಊರ ನಡುವಿಗೆ ಅಳೆದದ್ದು. ಲಂಡನ್‌ಗೆ ಸಾಮಾನ್ಯವಾಗಿ ಚಾರಿಂಗ್ ಕ್ರಾಸ್ ಅನ್ನು ನಡುಬಿಂದು ಎಂದು ಹಿಡಿಯುತ್ತಾರೆ. ಅಲ್ಲಿಂದ ವಿಮಾನ ಹಾರುವುದಿಲ್ಲವಲ್ಲ. ಲಂಡನ್ನಿನ ಮುಖ್ಯ ವಿಮಾನ ನಿಲ್ದಾಣ ಹೀಥ್ರೂ ಇರುವುದು ಊರ ನಡುವಿನಿಂದ ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ಪಶ್ಚಿಮಕ್ಕೆ. ರೋಮ್ ಇರುವುದು ಆಗ್ನೇಯಕ್ಕೆ. ಹಾಗಾಗಿ ಹೀಥ್ರೂದಿಂದ ರೋಮ್‌ನ ಫ್ಯೂಮಿಚಿನೋ ನಿಲ್ದಾಣಕ್ಕೆ ಅಳೆದರೆ 1,443 ಕಿ.ಮೀ. ಆಗುತ್ತದೆ. ಲಂಡನ್‌ನ ದಕ್ಷಿಣಕ್ಕಿರುವ ಗ್ಯಾಟ್‌ವಿಕ್‌ನಿಂದ ಹೊರಟರೆ ಸುಮಾರು 1,405. ಕಡಿಮೆ ದರದ ವಿಮಾನಗಳು ಓಡಾಡುವ ಸ್ಟಾನ್‌ಸ್ಟೆಡ್‌ನಿಂದ ರೋಮ್‌ನ ಇನ್ನೊಂದು ನಿಲ್ದಾಣವಾದ ಚಂಪೀನೊಗೆ ಸುಮಾರು 1,460. ಎಲ್ಲಕ್ಕಿಂತ ಹತ್ತಿರದ್ದಕ್ಕೂ ದೂರದ್ದಕ್ಕೂ 55 ಕಿ.ಮೀ. ವ್ಯತ್ಯಾಸ, ಆಕಾಶದಲ್ಲಿ ಅದು ನಾಲ್ಕು ನಿಮಿಷದ ಮಾತು. ಅಷ್ಟೇ ದೂರವನ್ನು ಲಂಡನ್‌ನ ನೆಲದ ಮೇಲೆ ಸಾಗಬೇಕಾದರೆ ಒಂದು ಗಂಟೆ ಬೇಕು. ಹಾಗಾಗಿ ನಿಲ್ದಾಣ ಆರಿಸುವಾಗ ವಿಮಾನದ ದೂರ ನೋಡುವುದು ವ್ಯರ್ಥ, ಮನೆಯಿಂದ ನಿಲ್ದಾಣದ ದೂರ ನೋಡಿ.

1,800 ದಾಟಿದ ಅಂಕಿ ರಸ್ತೆಯದು. ಇಂಗ್ಲಿಷ್ ಕಾಲುವೆ ದಾಟಿ, ಫ್ರಾನ್ಸ್ ಉದ್ದಕ್ಕೂ ಸಾಗಿ, ಆಲ್ಪ್ಸ್ ಬೆಟ್ಟಗಳ ಕೆಳಗೆ 1965ರಲ್ಲಿ ತೆರೆದ 11.6 ಕಿ.ಮೀ. ಉದ್ದದ ಮೋಂ ಬ್ಲಾಂ ಸುರಂಗ ಹಾದು ಹೋಗುವ ದಾರಿ.

ಕಾಗದದ ಮೇಲೆ ಅಳೆಯುವುದು ಹೇಗೆ

1,443 ಎಲ್ಲಿಂದ ಬಂತು ಎಂದು ಯಾರು ಬೇಕಾದರೂ ಲೆಕ್ಕ ಮಾಡಿ ನೋಡಬಹುದು. ಹೈಸ್ಕೂಲ್ ಗಣಿತ ಸಾಕು.

ಹೀಥ್ರೂ ಇರುವುದು 51.47° ಉತ್ತರ ಅಕ್ಷಾಂಶ, 0.45° ಪಶ್ಚಿಮ ರೇಖಾಂಶದಲ್ಲಿ. ಫ್ಯೂಮಿಚಿನೋ 41.80° ಉತ್ತರ, 12.24° ಪೂರ್ವದಲ್ಲಿ. ಅಕ್ಷಾಂಶಗಳ ವ್ಯತ್ಯಾಸ 9.67°. ಒಂದು ಡಿಗ್ರಿ ಅಕ್ಷಾಂಶಕ್ಕೆ 111.2 ಕಿ.ಮೀ., ಅಂದರೆ ಉತ್ತರದಿಂದ ದಕ್ಷಿಣಕ್ಕೆ 1,075 ಕಿ.ಮೀ. ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ.

ಎಡವುವುದು ರೇಖಾಂಶದಲ್ಲಿ, ಅದೂ ಎರಡು ಸಲ. ಹೀಥ್ರೂ ಗ್ರೀನಿಚ್ ಗೆರೆಯ ಪಶ್ಚಿಮಕ್ಕಿದೆ, ರೋಮ್ ಪೂರ್ವಕ್ಕಿದೆ. ಗೆರೆಯ ಆಚೆ ಒಂದು ಈಚೆ ಒಂದು ಇದ್ದಾಗ ಕೂಡಬೇಕೇ ಹೊರತು ಕಳೆಯಬಾರದು: 12.24ಕ್ಕೆ 0.45 ಸೇರಿ 12.69°. ಅಭ್ಯಾಸಬಲದಿಂದ ಕಳೆದುಬಿಟ್ಟರೆ ಕೊನೆಯ ಉತ್ತರದಲ್ಲಿ ನಲವತ್ತಕ್ಕೂ ಹೆಚ್ಚು ಕಿ.ಮೀ. ಕಡಿಮೆ ಬೀಳುತ್ತದೆ, ಅಷ್ಟು ಸಣ್ಣ ತಪ್ಪು ಕಣ್ಣಿಗೂ ಬೀಳುವುದಿಲ್ಲ. ಎರಡನೆಯ ತಪ್ಪು ದೊಡ್ಡದು. ರೇಖಾಂಶದ ಡಿಗ್ರಿಗೂ 111.2ರಿಂದಲೇ ಗುಣಿಸುವುದು. ರೇಖಾಂಶಗಳು ಧ್ರುವದ ಕಡೆ ಹೋದಂತೆ ಕಿತ್ತಳೆ ಹಣ್ಣಿನ ತೊಳೆಯ ಹಾಗೆ ಕೂಡಿಕೊಳ್ಳುತ್ತವೆ. ಸಮಭಾಜಕದಲ್ಲಿ 111 ಕಿ.ಮೀ. ಇದ್ದ ಡಿಗ್ರಿ, ಲಂಡನ್‌ಗೂ ರೋಮ್‌ಗೂ ನಡುವಿನ 46.6° ಅಕ್ಷಾಂಶಕ್ಕೆ ಬರುವಷ್ಟರಲ್ಲಿ 76 ಕಿ.ಮೀ. ಚಿಲ್ಲರೆ ಆಗಿರುತ್ತದೆ. 111.2ನ್ನು 46.6°ಯ ಕೊಸೈನ್‌ನಿಂದ ಗುಣಿಸಿದರೆ ಸಿಗುವ ಅಂಕಿ ಇದು. ಹಾಗಾಗಿ ಪಶ್ಚಿಮದಿಂದ ಪೂರ್ವಕ್ಕೆ 969 ಕಿ.ಮೀ. ಈ ಸಂಗತಿ ಮರೆತವರಿಗೆ 1,411 ಸಿಗುತ್ತದೆ, ಕೊನೆಗೆ ದೂರ 1,774 ಕಿ.ಮೀ. ಎಂದು ಬಂದು ನಿಲ್ಲುತ್ತದೆ.

ಈಗ ಪೈಥಾಗೊರಸ್. 1,075ರ ವರ್ಗಕ್ಕೆ 969ರ ವರ್ಗ ಸೇರಿಸಿ ವರ್ಗಮೂಲ ತೆಗೆದರೆ 1,447. ಭೂಮಿ ಚಪ್ಪಟೆ ಎಂದುಕೊಂಡು ಮಾಡಿದ ಲೆಕ್ಕದಲ್ಲಿ ತಪ್ಪಿದ್ದು ನಾಲ್ಕೇ ಕಿಲೋಮೀಟರ್!

ಗೋಳದ ಸರಿಯಾದ ಸೂತ್ರ ಇದಕ್ಕಿಂತ ಕಷ್ಟದ್ದೇನಲ್ಲ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.52142. ಅವೆರಡರ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನ್ ಅನ್ನೂ ಒಟ್ಟಿಗೆ ಗುಣಿಸಿ: 0.45302. ಕೂಡಿದರೆ 0.97444. ಯಾವ ಕೋನದ ಕೊಸೈನ್ ಇಷ್ಟು ಎಂದು ಕ್ಯಾಲ್ಕುಲೇಟರ್ ಕೇಳಿದರೆ 12.98° ಎನ್ನುತ್ತದೆ. ಅದನ್ನು 111.2ರಿಂದ ಗುಣಿಸಿದರೆ 1,443 ಕಿ.ಮೀ. 60ರಿಂದ ಗುಣಿಸಿದರೆ 779 ನಾಟಿಕಲ್ ಮೈಲಿ. ಡಿಗ್ರಿಯ ಅರವತ್ತರಲ್ಲಿ ಒಂದು ಪಾಲೇ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ವಿಮಾನದವರು ಇವತ್ತಿಗೂ ಕಿಲೋಮೀಟರ್ ಬಿಟ್ಟು ಇದನ್ನೇ ಹಿಡಿದಿರುವುದು ಈ ಅನುಕೂಲಕ್ಕೆ. ಭೂಮಿ ಪೂರ್ತಿ ದುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಅದುಮಿದಂತಿದೆ. ಅದನ್ನು ಸೇರಿಸಿಕೊಂಡು ಲೆಕ್ಕ ಹಾಕುವ ತಾಣಗಳಲ್ಲಿ ಒಂದೆರಡು ಕಿ.ಮೀ. ಆಚೀಚೆ ಬಂದರೆ ಗಾಬರಿಯಾಗಬೇಕಿಲ್ಲ.

ಹೀಗೆ ಸಿಕ್ಕಿದ್ದು ಮಹಾವೃತ್ತದ ದೂರ, ಗೋಳದ ಮೇಲೆ ಎರಡು ಬಿಂದುಗಳ ನಡುವೆ ದಾರ ಎಳೆದು ಬಿಗಿ ಹಿಡಿದರೆ ಅದು ಕೂರುವ ಗೆರೆ. ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಗೂ ಮಹಾವೃತ್ತಕ್ಕೂ ದೊಡ್ಡ ವ್ಯತ್ಯಾಸ ಎಂದು ಎಲ್ಲೆಡೆ ಹೇಳುತ್ತಾರೆ. ಲಂಡನ್–ನ್ಯೂಯಾರ್ಕ್ ದಾರಿಗೆ ಆ ಮಾತು ನಿಜ, ನೂರಾರು ಕಿ.ಮೀ. ವ್ಯತ್ಯಾಸ ಬರುತ್ತದೆ. ಲಂಡನ್–ರೋಮ್‌ಗೆ ನಕ್ಷೆಯ ಗೆರೆ 1,445, ಮಹಾವೃತ್ತ 1,443. ಯುರೋಪಿನೊಳಗಿನ ಇಂಥ ದಾರಿಗಳಿಗೆ ಆ ತಲೆಬಿಸಿ ಬೇಡ.

ಆ ನೇರ ಗೆರೆ ಯಾವ ಊರುಗಳ ಮೇಲೆ ಬೀಳುತ್ತದೆ ಎನ್ನುವುದು ಮಾತ್ರ ಸ್ವಾರಸ್ಯದ ಸಂಗತಿ. ಇಂಗ್ಲೆಂಡಿನ ಆಗ್ನೇಯ ಮೂಲೆ ಬಿಟ್ಟು ಕಾಲುವೆ ದಾಟಿದ ಮೇಲೆ ಪ್ಯಾರಿಸ್ ಬಲಕ್ಕೆ, ರಾನ್ಸ್ ಎಡಕ್ಕೆ ಉಳಿಯುತ್ತವೆ. ಮುಂದೆ ತ್ರ್ವಾ ಪಟ್ಟಣದ ಆಸುಪಾಸು, ಆಮೇಲೆ ಸ್ವಿಟ್ಜರ್ಲೆಂಡಿನ ಲೊಸಾನ್ ಪಕ್ಕ, ಜಿನೀವಾ ಸರೋವರದ ಪೂರ್ವ ತುದಿಯ ಹತ್ತಿರ ಹಾದು ಮ್ಯಾಟರ್‌ಹಾರ್ನ್ ಶಿಖರದ ಹತ್ತಿರ ಆಲ್ಪ್ಸ್ ದಾಟುತ್ತದೆ. ಇಟಲಿಯಲ್ಲಿ ಲಾ ಸ್ಪೆಜಿಯಾ ಬಳಿ ಸಮುದ್ರ ಕಂಡು, ಟಸ್ಕನಿಯ ಕರಾವಳಿ ಹಿಡಿದು ರೋಮ್ ಸೇರುತ್ತದೆ. ಈ ಗೆರೆಯ ಹತ್ತಿರ ಹಾರಿದ ದಿನ ಮೋಂ ಬ್ಲಾಂ ಶಿಖರ ಬಲಗಡೆಯ ಕಿಟಕಿಗೆ ಕಾಣುತ್ತದೆ, ವಾಪಸು ಬರುವಾಗ ಎಡಗಡೆಗೆ. ಕಿಟಕಿ ಸೀಟಿಗೆ ಹಣ ಕೊಡುವವರು ಇಷ್ಟು ನೋಡಿಕೊಂಡು ಕೊಡುವುದು ಒಳ್ಳೆಯದು. ರೆಕ್ಕೆಯ ಮೇಲಿನ ಸಾಲುಗಳನ್ನು ಬಿಡಿ, ಕಾಣುವುದು ರೆಕ್ಕೆ ಮಾತ್ರ.

ವಿಮಾನ ನೇರ ಗೆರೆಯಲ್ಲಿ ಹಾರುವುದಿಲ್ಲ

1,443 ಕಿ.ಮೀ. ದಾರಿಗೆ ವಿಮಾನ ಹಾರುವುದು ಸಾಮಾನ್ಯವಾಗಿ 1,500ರ ಮೇಲೆ. ಇಲ್ಲಿ 1,520 ಎಂದು ಹಿಡಿಯೋಣ, ಐದು ಶೇಕಡಾ ಹೆಚ್ಚು.

ಹೆಚ್ಚುವರಿಯ ಒಂದಷ್ಟು ಭಾಗ ಮೊದಲ ಐದು ನಿಮಿಷದಲ್ಲೇ ಸೇರಿಬಿಡುತ್ತದೆ. ಹೀಥ್ರೂದ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಅಲ್ಲಿ ಹೆಚ್ಚಿನ ದಿನ ಪಶ್ಚಿಮದ ಗಾಳಿ. ಆದ್ದರಿಂದ ಆಗ್ನೇಯದ ರೋಮ್‌ಗೆ ಹೊರಟ ವಿಮಾನ ಮೊದಲು ಪಶ್ಚಿಮಕ್ಕೆ ಏರಿ, ಎಡಕ್ಕೆ ಹೊರಳಿ ಬಂದ ದಿಕ್ಕಿಗೇ ತಿರುಗಿಕೊಳ್ಳುತ್ತದೆ. ಫ್ಯೂಮಿಚಿನೋದ ಮುಖ್ಯ ರನ್‌ವೇಗಳು ಹೆಚ್ಚು ಕಡಿಮೆ ಉತ್ತರ–ದಕ್ಷಿಣ. ದಕ್ಷಿಣಕ್ಕೆ ಮುಖ ಮಾಡಿ ಇಳಿಸುವ ದಿನ ಉತ್ತರದಿಂದ ಬಂದ ವಿಮಾನ ಸಲೀಸಾಗಿ ಇಳಿಯುತ್ತದೆ. ಗಾಳಿ ತಿರುಗಿ ಉತ್ತರಕ್ಕೆ ಮುಖ ಮಾಡಿ ಇಳಿಸುತ್ತಿದ್ದರೆ ನಿಲ್ದಾಣ ದಾಟಿ ಹೋಗಿ ಸಮುದ್ರದ ಮೇಲೆ ಸುತ್ತಿ ಬರಬೇಕು.

ನಡುವಿನ ದಾರಿಯಲ್ಲಿ ಬ್ರಿಟನ್, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಹೀಗೆ ಒಂದಾದ ಮೇಲೊಂದು ದೇಶದ ವಿಮಾನ ಸಂಚಾರ ನಿಯಂತ್ರಕರು ವಿಮಾನವನ್ನು ಕೈಬದಲಾಯಿಸುತ್ತಾರೆ. ಸೇನೆಗೆ ಮೀಸಲಿಟ್ಟ ಆಕಾಶ ಬಿಟ್ಟು ಹೋಗಬೇಕು, ತುಂಬಿದ ವಲಯ ಬಳಸಿ ಹೋಗಬೇಕು. ಒಂದೊಂದು ದೇಶದ ಆಕಾಶಕ್ಕೂ ಸುಂಕವಿದೆ. ಆ ದೇಶದೊಳಗೆ ಹಾರಿದ ದೂರ, ವಿಮಾನದ ತೂಕ, ಆ ದೇಶದ ದರ ಮೂರನ್ನೂ ಗುಣಿಸಿ ಯುರೋಪಿನ ವಿಮಾನ ಸಂಚಾರ ಸಂಸ್ಥೆಯಾದ ಯೂರೋಕಂಟ್ರೋಲ್ ಬಿಲ್ ಕಳಿಸುತ್ತದೆ. ತೂಕವನ್ನು ಹಾಗೇ ಗುಣಿಸುವುದಿಲ್ಲ, 50 ಟನ್ನಿಗೆ ಭಾಗಿಸಿ ವರ್ಗಮೂಲ ತೆಗೆಯುತ್ತಾರೆ. 78 ಟನ್ನಿನ ಏರ್‌ಬಸ್ ಎ320ಗೆ ಅದು 1.25. ದರ ದೇಶದಿಂದ ದೇಶಕ್ಕೆ ಬೇರೆ ಇರುವುದರಿಂದ, ಸುಂಕ ಕಡಿಮೆಯಿರುವ ಕಡೆ ಸ್ವಲ್ಪ ಸುತ್ತಿಹೋದರೂ ಲಾಭ ಎನ್ನಿಸುವ ದಿನಗಳಿರುತ್ತವೆ. ಫ್ರಾನ್ಸಿನ ನಿಯಂತ್ರಕರು ಮುಷ್ಕರ ಹೂಡಿದ ದಿನವಂತೂ ಫ್ರಾನ್ಸಿನ ನೆಲ ಮುಟ್ಟದ ಈ ವಿಮಾನವೂ ಸಿಕ್ಕಿಹಾಕಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಆಲ್ಪ್ಸ್ ಮೇಲೆ ಎದ್ದು ನಿಲ್ಲುವ ಗುಡುಗುಮೋಡಗಳೂ ಇದೇ ಕೆಲಸ ಮಾಡುತ್ತವೆ.

ನಿಮಿಷಗಳ ಲೆಕ್ಕ

1 ಗಂಟೆ 47 ನಿಮಿಷ ಎಂದ ತಾಣ ಮಾಡಿದ್ದು ಇಷ್ಟೇ: 1,434 ಕಿ.ಮೀ.ಯನ್ನು ಗಂಟೆಗೆ 805 ಕಿ.ಮೀ.ಯಿಂದ, ಅಂದರೆ 500 ಮೈಲಿಯಿಂದ ಭಾಗಿಸಿದ್ದು. ವಿಮಾನ ಚಾರಿಂಗ್ ಕ್ರಾಸ್‌ನಲ್ಲಿ ಪೂರ್ತಿ ವೇಗದಲ್ಲೇ ಹುಟ್ಟಿ ರೋಮ್‌ನ ನಡುಬೀದಿಯ ಮೇಲೆ ಅದೇ ವೇಗದಲ್ಲಿ ಮಾಯವಾದರೆ ಆ ಉತ್ತರ ಸರಿ. ನಿಜವಾದ ಪ್ರಯಾಣವನ್ನು ಬಿಡಿಸಿ ನೋಡೋಣ.

ಗೇಟಿನಿಂದ ವಿಮಾನವನ್ನು ಹಿಂದಕ್ಕೆ ತಳ್ಳಿ, ಎಂಜಿನ್ ಶುರು ಮಾಡಿ, ರನ್‌ವೇ ತುದಿಗೆ ಉರುಳಿ, ಸಾಲಿನಲ್ಲಿ ನಿಂತು ಏರುವಷ್ಟರಲ್ಲಿ ಹೀಥ್ರೂದಲ್ಲಿ 20 ನಿಮಿಷ ಮಾಮೂಲು. ಏರಲು ಶುರು ಮಾಡಿ 35,000 ಅಡಿ ಮುಟ್ಟಲು ಮತ್ತೆ ಸುಮಾರು 20 ನಿಮಿಷ, ಅಷ್ಟರಲ್ಲಿ 230 ಕಿ.ಮೀ. ಸಾಗಿರುತ್ತದೆ. ಇಳಿಯುವ ಲೆಕ್ಕ ಪೈಲಟ್‌ಗಳ ಬಾಯಲ್ಲೇ ಇರುತ್ತದೆ: ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 35 ಸಾವಿರಕ್ಕೆ 105, ವೇಗ ತಗ್ಗಿಸಲು ಇನ್ನೊಂದಷ್ಟು, ಒಟ್ಟು 220 ಕಿ.ಮೀ., 23 ನಿಮಿಷ. ಅಂದರೆ ಪೀಸಾ ದಾಟಿ ಟಸ್ಕನಿಯ ಕರಾವಳಿಯ ಮೇಲಿರುವಾಗಲೇ ಎಂಜಿನ್ ಸದ್ದು ಇಳಿದು ವಿಮಾನದ ಮೂತಿ ಬಾಗಿದ ಅನುಭವವಾಗುತ್ತದೆ.

1,520ರಲ್ಲಿ ಏರಿದ್ದು ಇಳಿದದ್ದು ಎರಡನ್ನೂ ಕಳೆದರೆ ಮೇಲೆ ಸಮನಾಗಿ ಹಾರುವುದು 1,070 ಕಿ.ಮೀ. ಎ320 ಅಥವಾ ಬೋಯಿಂಗ್ 737 ಶಬ್ದದ ವೇಗದ 0.78ರಷ್ಟರಲ್ಲಿ ಹಾರುತ್ತವೆ. ಆ ಎತ್ತರದಲ್ಲಿ ಉಷ್ಣತೆ ಮೈನಸ್ 56 ಡಿಗ್ರಿ ಹತ್ತಿರ, ಅಷ್ಟು ಚಳಿಯಲ್ಲಿ ಶಬ್ದದ ವೇಗವೂ ಇಳಿದು ಗಂಟೆಗೆ 1,062 ಕಿ.ಮೀ. ಆಗಿರುತ್ತದೆ. ಅದರ 0.78 ಎಂದರೆ 828 ಕಿ.ಮೀ. 1,070ಕ್ಕೆ 78 ನಿಮಿಷ. ಇಳಿದ ಮೇಲೆ ಗೇಟಿಗೆ ಉರುಳಲು 8 ನಿಮಿಷ.

20, 20, 78, 23, 8. ಕೂಡಿದರೆ 149, ಎರಡೂವರೆ ಗಂಟೆ. ಗಾಳಿಯಲ್ಲಿ ಇದ್ದದ್ದು ಅದರಲ್ಲಿ ಎರಡು ಗಂಟೆ ಮಾತ್ರ. ಗೇಟು ಬಿಟ್ಟ ಗಳಿಗೆಯಿಂದ ಗೇಟು ಸೇರುವ ಗಳಿಗೆಯವರೆಗಿನ ಈ ಹೊತ್ತಿಗೆ ವಿಮಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ. ಟಿಕೆಟ್ಟಿನಲ್ಲಿ ಅಚ್ಚಾಗುವುದು ಇದೇ. ಕ್ಯಾಪ್ಟನ್ ಮೈಕಿನಲ್ಲಿ "ಹಾರಾಟದ ಅವಧಿ ಎರಡು ಗಂಟೆ ಐದು ನಿಮಿಷ" ಎಂದಾಗ ಬೇಗ ತಲುಪುತ್ತೇವೆ ಎಂದು ಖುಷಿಪಡುವವರಿದ್ದಾರೆ. ಅವರು ಹೇಳಿದ್ದು ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಹೊತ್ತು, ನೆಲದ ಮೇಲೆ ಉರುಳುವುದು ಅದರಲ್ಲಿ ಸೇರಿಲ್ಲ.

ಎರಡೂವರೆಯ ಮೇಲೆ ಕಂಪನಿಗಳು ಇನ್ನೈದು ಹತ್ತು ನಿಮಿಷ ಸೇರಿಸಿ ವೇಳಾಪಟ್ಟಿ ಮಾಡುತ್ತವೆ. 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಸರಿಯಾಗಿ ಬಂದಂತೆ ಎಂದು ಈ ಉದ್ಯಮದ ಲೆಕ್ಕ. ಸ್ವಲ್ಪ ಸಡಿಲ ಬಿಟ್ಟುಕೊಂಡರೆ ಅಂಕಿ ಚೆನ್ನಾಗಿ ಕಾಣುತ್ತದೆ. ಇದು ಮೋಸ ಎಂದು ಬಯ್ಯುವವರಿದ್ದಾರೆ. ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಆ ಸಡಿಲವೇ ಆಸರೆ ಎನ್ನುವುದೂ ನಿಜ.

ತಡವಾಗಿ ಹೊರಟ ವಿಮಾನ ಮೇಲೆ ವೇಗ ಹೆಚ್ಚಿಸಿ ಹೊತ್ತು ಸರಿದೂಗಿಸುತ್ತದೆ ಎಂಬ ನಂಬಿಕೆಯೊಂದಿದೆ. 0.78ನ್ನು 0.80ಕ್ಕೆ ಏರಿಸಿದರೆ 1,070 ಕಿ.ಮೀ.ಯಲ್ಲಿ ಉಳಿಯುವುದು ಎರಡು ನಿಮಿಷ, ಸುಡುವ ಇಂಧನ ಮಾತ್ರ ಜಾಸ್ತಿ. ಯುರೋಪಿನೊಳಗೆ ತಡ ಕರಗುವುದಾದರೆ ನಿಯಂತ್ರಕರು ನಡುವೆ ಎಲ್ಲೋ ನೇರ ದಾರಿ ಕೊಟ್ಟಾಗ, ಇಲ್ಲವೇ ವೇಳಾಪಟ್ಟಿಯ ಸಡಿಲದಲ್ಲಿ.

ಇದೇ ಲೆಕ್ಕವನ್ನು ಬೇರೆ ಊರುಗಳಿಗೆ ಹೊಂದಿಸಲು ಅಂದಾಜಿನ ಸೂತ್ರ ಒಂದಿದೆ. ನೇರ ದೂರಕ್ಕೆ ಐದು ಶೇಕಡಾ ಸೇರಿಸಿ, ನಿಮಿಷಕ್ಕೆ ಹಾರುವ 13.8 ಕಿ.ಮೀ.ಯಿಂದ ಭಾಗಿಸಿ, ಬಂದ ನಿಮಿಷಗಳಿಗೆ 40 ಕೂಡಿಸಿ. ಲಂಡನ್–ಅಥೆನ್ಸ್ ಸುಮಾರು 2,420 ಕಿ.ಮೀ.; ಸೂತ್ರ 3 ಗಂಟೆ 44 ನಿಮಿಷ ಎನ್ನುತ್ತದೆ, ಹೋಗುವ ವಿಮಾನದ ವೇಳಾಪಟ್ಟಿಯೂ ಅಲ್ಲೇ ಸುತ್ತಾಡುತ್ತದೆ. 500 ಕಿ.ಮೀ.ಗಿಂತ ಕಡಿಮೆ ದೂರಕ್ಕೆ ಮಾತ್ರ ಇದನ್ನು ನಂಬಬೇಡಿ. ಹೀಥ್ರೂದಿಂದ ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಸುಮಾರು 348 ಕಿ.ಮೀ., ಸೂತ್ರದ ಪ್ರಕಾರ 1 ಗಂಟೆ 6 ನಿಮಿಷ, ಟಿಕೆಟ್ಟಿನಲ್ಲಿ ಒಂದೂಕಾಲು ಗಂಟೆ ಅಥವಾ ಅದಕ್ಕೂ ಹೆಚ್ಚು. ಏರಿ ಮುಗಿಯುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ, ಪೂರ್ತಿ ವೇಗ ತೋರಿಸಲು ಆ ವಿಮಾನಕ್ಕೆ ಜಾಗವೇ ಸಿಕ್ಕಿರುವುದಿಲ್ಲ.

ಹೋಗುವಾಗ ಒಂದು, ಬರುವಾಗ ಒಂದು

ರೋಮ್‌ನಿಂದ ಲಂಡನ್‌ಗೆ ವಾಪಸಾಗುವಾಗ ಟಿಕೆಟ್ಟು 10ರಿಂದ 20 ನಿಮಿಷ ಹೆಚ್ಚು ತೋರಿಸುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಹೀಗೆ, ಕೆಳಗಿನ ನೆಲ ಸರಿದುಹೋಗುತ್ತದೆ ಎಂದು ವಿವರಿಸುವವರನ್ನು ನಂಬಬೇಡಿ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ವಿಮಾನ ಹಾರುವುದು ಆ ಗಾಳಿಯೊಳಗೆ. ಕಾರಣ ಜೆಟ್ ಸ್ಟ್ರೀಮ್. ಯುರೋಪಿನ ಮೇಲೆ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಅದು, ಚಳಿಗಾಲದಲ್ಲಿ ರಭಸ ಹೆಚ್ಚು.

ಗಂಟೆಗೆ 120 ಕಿ.ಮೀ. ಪಶ್ಚಿಮದ ಗಾಳಿ ಇದೆ ಎನ್ನಿ. ರೋಮ್‌ನ ದಾರಿ ಪೂರ್ವಕ್ಕೆ ನೇರವಾಗಿಲ್ಲ, ಸುಮಾರು 45° ದಕ್ಷಿಣಕ್ಕೆ ಓರೆ. ಹಾಗಾಗಿ ಗಾಳಿಯ ಪೂರ್ತಿ ಬಲ ಸಿಗದೆ 0.7 ಪಾಲು, ಅಂದರೆ 85 ಕಿ.ಮೀ. ಬೆನ್ನಿಗೆ ಬೀಳುತ್ತದೆ. ನೆಲಕ್ಕೆ ಹೋಲಿಸಿದ ವೇಗ 913 ಆಗಿ, 78 ನಿಮಿಷದ ಹಾರಾಟ 70ಕ್ಕೆ ಇಳಿಯುತ್ತದೆ. ಬರುವಾಗ ಅದೇ 85 ಎದುರಿಗೆ: ವೇಗ 743, ಹೊತ್ತು 86 ನಿಮಿಷ. ಹೋಗುವಾಗ ಉಳಿದಷ್ಟೇ ಬರುವಾಗ ಕಳೆಯಿತು ಎನ್ನಿಸಿದರೂ ದಿನದ ಕೊನೆಗೆ ನಷ್ಟವೇ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಹೋಗಿ ಬರುವ ಒಟ್ಟು ಹೊತ್ತು ಗಾಳಿಯಿಲ್ಲದ ದಿನಕ್ಕಿಂತ ಯಾವಾಗಲೂ ಸ್ವಲ್ಪ ಜಾಸ್ತಿಯೇ ಇರುತ್ತದೆ.

ವಾಪಸಿನ ದಾರಿಗೆ ಇನ್ನೊಂದು ಹೊರೆ ಹೀಥ್ರೂದ ಸರದಿ. ಎರಡೇ ರನ್‌ವೇ, ಬರುವವರು ಬಹಳ. ಲಂಡನ್ ಸುತ್ತ ಬೋವಿಂಗ್‌ಡನ್, ಲ್ಯಾಂಬೋರ್ನ್, ಓಕಮ್, ಬಿಗ್ಗಿನ್ ಎಂಬ ನಾಲ್ಕು ಕಡೆ ವಿಮಾನಗಳನ್ನು ಸಾವಿರ ಸಾವಿರ ಅಡಿ ಅಂತರದಲ್ಲಿ ಒಂದರ ಮೇಲೊಂದು ಸುತ್ತಿಸುತ್ತಾ ಕಾಯಿಸುತ್ತಾರೆ. ಆಗ್ನೇಯದಿಂದ ಬರುವವರಿಗೆ ಬಿಗ್ಗಿನ್. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಕೆಳಗಿನ ವಿಮಾನ ಇಳಿಯಲು ಹೋದಾಗ ಮೇಲಿನದು ಒಂದು ಮೆಟ್ಟಿಲು ಇಳಿಯುತ್ತದೆ. ಕಿಟಕಿಯಲ್ಲಿ ಅದೇ ಹೊಲ, ಅದೇ ಹೆದ್ದಾರಿ ಮೂರನೆಯ ಸಲ ಕಂಡರೆ ನೀವು ಅಲ್ಲಿದ್ದೀರಿ ಎಂದು ಅರ್ಥ.

ರೋಮ್‌ನಲ್ಲಿ ಬಾಗಿಲು ಹಾಕಿಕೊಂಡು, ಎಲ್ಲರೂ ಬೆಲ್ಟು ಕಟ್ಟಿಕೊಂಡು, ಸುಮ್ಮನೆ ಗೇಟಿನಲ್ಲೇ ಅರ್ಧ ಗಂಟೆ ಕೂರಿಸುವುದೂ ಉಂಟು. ದಾರಿಯ ಯಾವುದೋ ವಲಯ ತುಂಬಿದಾಗ ಬ್ರಸೆಲ್ಸ್‌ನಲ್ಲಿರುವ ಯೂರೋಕಂಟ್ರೋಲ್ ಕೇಂದ್ರ ಆ ವಿಮಾನಕ್ಕೆ ಏರುವ ಹೊತ್ತನ್ನು ಗೊತ್ತುಮಾಡಿ ಕೊಡುತ್ತದೆ. ಆ ಹೊತ್ತಿಗೆ ಐದು ನಿಮಿಷ ಮೊದಲಿನಿಂದ ಹತ್ತು ನಿಮಿಷ ನಂತರದವರೆಗೆ ಮಾತ್ರ ಏರಬಹುದು. ಅದು ತಪ್ಪಿದರೆ ಹೊಸ ಹೊತ್ತು ಕೇಳಬೇಕು. ಒಬ್ಬ ಪ್ರಯಾಣಿಕ ಬಾರದೆ ಅವರ ಬ್ಯಾಗ್ ಹುಡುಕಿ ಇಳಿಸುವ ಹತ್ತು ನಿಮಿಷ ಹೀಗೆ ಒಂದು ಗಂಟೆಯಾಗುತ್ತದೆ.

ಗಡಿಯಾರ, ವೀಸಾ, ಬಾಗಿಲು

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಲಂಡನ್ನಿನದು, ಸೇರುವ ಹೊತ್ತು ರೋಮ್‌ನದು. ರೋಮ್ ವರ್ಷವಿಡೀ ಒಂದು ಗಂಟೆ ಮುಂದೆ. ಎರಡೂ ಕಡೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಒಂದೇ ಗಳಿಗೆಗೆ ಗಡಿಯಾರ ಸರಿಸುವುದರಿಂದ ಈ ಒಂದು ಗಂಟೆ ಬದಲಾಗುವುದಿಲ್ಲ. ಬೆಳಗ್ಗೆ 8:00ಕ್ಕೆ ಹೊರಟು 11:35ಕ್ಕೆ ಸೇರಿದರೆ ಪ್ರಯಾಣ 2 ಗಂಟೆ 35 ನಿಮಿಷ. ಮಧ್ಯಾಹ್ನ 12:30ಕ್ಕೆ ಹೊರಟು 2:20ಕ್ಕೆ ಲಂಡನ್ ಸೇರುವ ವಿಮಾನ ಎರಡು ಗಂಟೆಯೊಳಗೆ ಬಂದಂತೆ ಕಂಡರೂ ತೆಗೆದುಕೊಂಡದ್ದು 2 ಗಂಟೆ 50. ಬದಲಾಗುವುದು ನಮ್ಮ ಊರಿನ ಜೊತೆಗಿನ ಅಂತರ. ಚಳಿಗಾಲದಲ್ಲಿ ಭಾರತ ಲಂಡನ್‌ಗಿಂತ ಐದೂವರೆ, ರೋಮ್‌ಗಿಂತ ನಾಲ್ಕೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ನಾಲ್ಕೂವರೆ, ಮೂರೂವರೆ. ರೋಮ್‌ನಲ್ಲಿ ರಾತ್ರಿ ಊಟ ಮುಗಿಸಿ ಬೆಂಗಳೂರಿಗೆ ಫೋನ್ ಮಾಡಿದರೆ ಅಲ್ಲಿ ಎಲ್ಲರೂ ಮಲಗಿರುತ್ತಾರೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಎರಡೂವರೆ ಗಂಟೆಯ ಈ ಹಾರಾಟ ವೀಸಾದ ಲೆಕ್ಕದಲ್ಲಿ ಎರಡು ಬೇರೆ ಲೋಕ. ಬ್ರಿಟನ್ ವೀಸಾದಲ್ಲಿ ಇಟಲಿಗೆ ಹೋಗಲಾಗದು, ಇಟಲಿಯೂ ಸೇರಿದ ಯುರೋಪಿನ ದೇಶಕೂಟದ ಷೆಂಗೆನ್ ವೀಸಾ ಬೇಕು. ಷೆಂಗೆನ್ ವೀಸಾದಲ್ಲಿ ಲಂಡನ್‌ಗೆ ಮರಳಲಾಗದು, ಬ್ರಿಟನ್ ವೀಸಾ ಮತ್ತೆ ಒಳಬರಲು ಅವಕಾಶ ಕೊಡುವಂಥದ್ದಾಗಿರಬೇಕು. ಬೋರ್ಡಿಂಗ್ ಪಾಸ್ ಫೋನಿನಲ್ಲಿ ಬಂದಿದ್ದರೂ ವೀಸಾ ಪರೀಕ್ಷೆಗೆ ಕೌಂಟರ್‌ನಲ್ಲಿ ನಿಲ್ಲಬೇಕಾಗುತ್ತದೆ. ಕೌಂಟರ್ ಸಾಮಾನ್ಯವಾಗಿ 45ರಿಂದ 60 ನಿಮಿಷ ಮೊದಲೇ ಮುಚ್ಚುತ್ತದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಹಂತಹಂತವಾಗಿ ಶುರುವಾಗಿದೆ. ಫ್ಯೂಮಿಚಿನೋದಲ್ಲಿ ಇಳಿದ ತಕ್ಷಣದ ರೈಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿಂದ ರೋಮ್‌ನ ತೆರ್ಮಿನಿ ನಿಲ್ದಾಣಕ್ಕೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ 32 ನಿಮಿಷ. ಲಂಡನ್ ಮನೆಯ ಬಾಗಿಲಿನಿಂದ ರೋಮ್‌ನ ಹೋಟೆಲ್ ಬಾಗಿಲಿಗೆ ಆರೂವರೆಯಿಂದ ಏಳು ಗಂಟೆ ಇಟ್ಟುಕೊಂಡರೆ ನೆಮ್ಮದಿ.

ರೈಲಿನಲ್ಲೂ ಹೋಗಬಹುದು. ಪ್ಯಾರಿಸ್‌ಗೆ ಯೂರೋಸ್ಟಾರ್‌ನಲ್ಲಿ ಎರಡೂಕಾಲು ಗಂಟೆ, ಅಲ್ಲಿ ಗಾರ್ ದ್ಯು ನೋರ್‌ನಿಂದ ಗಾರ್ ದ ಲಿಯೋಂ ನಿಲ್ದಾಣಕ್ಕೆ ಊರೊಳಗೆ ದಾಟಿ, ಮಿಲಾನ್‌ಗೆ ಏಳು ಗಂಟೆ, ಮಿಲಾನ್‌ನಿಂದ ರೋಮ್‌ಗೆ ಮೂರು ಗಂಟೆ. 2023ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಪ್ಯಾರಿಸ್–ಮಿಲಾನ್ ಮಾರ್ಗ ಮುಚ್ಚಿದ್ದು 2025ರ ಮಾರ್ಚ್ 31ಕ್ಕೆ ಮತ್ತೆ ತೆರೆಯಿತು. ಬದಲಿಸುವ ಹೊತ್ತೂ ಸೇರಿ ಇಡೀ ದಿನ ಬೇಕು.

ಕೊನೆಗೆ, 1,443 ಎಂಬ ಅಂಕಿ ನೇರವಾಗಿ ದುಡ್ಡಾಗುವ ಜಾಗ ಒಂದಿದೆ. ವಿಮಾನ ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ಸೇರಿದರೆ, ತಪ್ಪು ಕಂಪನಿಯದೇ ಆಗಿದ್ದರೆ, ಯುರೋಪಿನ 261ನೆಯ ನಿಯಮದಂತೆ ಪರಿಹಾರ ಕೊಡಬೇಕು. 1,500 ಕಿ.ಮೀ.ವರೆಗೆ 250 ಯೂರೋ, ಬ್ರಿಟನ್‌ನ ನಿಯಮದಲ್ಲಿ 220 ಪೌಂಡ್. ಯುರೋಪಿನೊಳಗೆ 1,500 ದಾಟಿದರೆ 400 ಯೂರೋ. ಅಳತೆ ಮಹಾವೃತ್ತದ್ದು. ವಿಮಾನ ಮೋಡ ಸುತ್ತಿ 1,520 ಹಾರಿತ್ತು ಎಂದು ವಾದಿಸಿ ಪ್ರಯೋಜನವಿಲ್ಲ. ಬ್ರಸೆಲ್ಸ್‌ನಲ್ಲಿ ವಿಮಾನ ಬದಲಿಸಿ ರೋಮ್‌ನಿಂದ ಹ್ಯಾಂಬರ್ಗ್‌ಗೆ ಹೋದ ಪ್ರಯಾಣಿಕರ ಮೊಕದ್ದಮೆಯಲ್ಲಿ ಐರೋಪ್ಯ ನ್ಯಾಯಾಲಯ 2017ರಲ್ಲಿ ಇದನ್ನೇ ಹೇಳಿತು. ಎರಡು ಹಾರಾಟ ಕೂಡಿದರೆ 1,656 ಕಿ.ಮೀ., ನೇರ ದೂರ 1,326. ಸಿಗಬೇಕಾದ್ದು 250 ಎಂದು ತೀರ್ಪಾಯಿತು. ಲಂಡನ್–ರೋಮ್ ದಾರಿಯಲ್ಲಿ ಎರಡು ಗಂಟೆ ತಡವಾದರೇ ಊಟ, ತಿಂಡಿ, ಕುಡಿಯಲು ಕೊಡುವ ಹೊಣೆ ಕಂಪನಿಯದು. ತಡಕ್ಕೆ ಕಾರಣ ಬಿರುಗಾಳಿಯೋ ನಿಯಂತ್ರಕರ ಮುಷ್ಕರವೋ ಆಗಿದ್ದರೆ ಪರಿಹಾರದ ಹಣ ಸಿಗದು, ಊಟದ ಹೊಣೆ ಮಾತ್ರ ತಪ್ಪುವುದಿಲ್ಲ.

ಮೂರು ಗಂಟೆ ಯಾವಾಗ ಮುಗಿಯಿತು ಎನ್ನುವುದಕ್ಕೂ ಅದೇ ನ್ಯಾಯಾಲಯ 2014ರಲ್ಲಿ ಉತ್ತರ ಕೊಟ್ಟಿದೆ. ಚಕ್ರ ನೆಲ ಮುಟ್ಟಿದಾಗಲೂ ಅಲ್ಲ, ಗೇಟಿನಲ್ಲಿ ನಿಂತಾಗಲೂ ಅಲ್ಲ, ಪ್ರಯಾಣಿಕರು ಇಳಿಯಲೆಂದು ಒಂದು ಬಾಗಿಲಾದರೂ ತೆರೆದಾಗ. 2 ಗಂಟೆ 55 ನಿಮಿಷ ತಡವಾಗಿ ಗೇಟು ಸೇರಿದ ವಿಮಾನಕ್ಕೆ ಏಣಿ ಬರಲು ಆರು ನಿಮಿಷ ಹಿಡಿದರೆ ಲೆಕ್ಕ ಬೇರೆಯಾಗುತ್ತದೆ. ಅಂಥ ದಿನ ಸೀಟಿನಲ್ಲಿ ಕೂತೇ ಬಾಗಿಲು ತೆರೆದ ಗಳಿಗೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಬೋರ್ಡಿಂಗ್ ಪಾಸ್ ಎಸೆಯಬೇಡಿ.